ಅಂಬೋಸೆಲಿಗೆ ಒಂದು ರಾತ್ರಿ ಸಾಲದು

ಕೀನ್ಯಾ ಪ್ರವಾಸ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಮಸಾಯಿ ಮಾರ. ಅಂಬೋಸೆಲಿ ರಾಷ್ಟ್ರೀಯ ಉದ್ಯಾನವನ್ನು ದಾರಿಯಲ್ಲಿ ಒಂದು ರಾತ್ರಿಗೆ ತುರುಕಿರುತ್ತಾರೆ. ನಾವೂ ಹಾಗೇ ಬುಕ್ ಮಾಡಿದ್ದೆವು. ಆಮೇಲೆ ಅಲ್ಲೇ ಕೂತು ಇನ್ನೊಂದು ರಾತ್ರಿ ಸೇರಿಸಿದೆವು. ಇಡೀ ಪ್ರವಾಸದಲ್ಲಿ ನಾವು ತೋರಿಸಿದ ಬುದ್ಧಿವಂತಿಕೆ ಅದೊಂದೇ.

ನೈರೋಬಿಯಿಂದ ಎಮಾಲಿ ಮೇಲೆ ಹೋದರೆ ಕಿಮಾನಾ ಗೇಟಿಗೆ ನಾಲ್ಕು, ನಾಲ್ಕೂವರೆ ಗಂಟೆ. ಮೊಂಬಾಸಾ ಹೆದ್ದಾರಿಯ ಲಾರಿ ಸಾಲಿಗೆ ಸಿಕ್ಕಿಕೊಂಡರೆ ಇನ್ನೂ ಜಾಸ್ತಿ. ಬೆಳಿಗ್ಗೆ ಆರಕ್ಕೇ ಹೊರಡಿ. ಪಾರ್ಕಿನ ಶುಲ್ಕಕ್ಕೆ ಗೇಟಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಆನ್‌ಲೈನಿನಲ್ಲೇ ಕಟ್ಟಬೇಕು. ಪ್ಯಾಕೇಜಿನಲ್ಲಿ ಅದು ಸೇರಿದೆಯಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ. ನಾವು ಕೇಳಿರಲಿಲ್ಲ. ಗೇಟಿನ ಮುಂದೆ ಮುಕ್ಕಾಲು ಗಂಟೆ ಫೋನು ಹಿಡಿದು ನಿಂತಿದ್ದೆವು.

ಈ ಪಾರ್ಕು ದೊಡ್ಡದಲ್ಲ, 392 ಚದರ ಕಿಲೋಮೀಟರ್. ಒಳಗೆ ಹೋದ ತಕ್ಷಣ ನಿರಾಸೆ ಆಗಬಹುದು. ಕಾಡೇ ಇಲ್ಲ. ಬಿಳಿಚಿಕೊಂಡ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ ಮರ, ಎದ್ದು ಸುತ್ತುವ ಧೂಳಿನ ಸುಳಿ. ಒಣಗಿದ ಕೆರೆಯ ತಳದಲ್ಲಿ ಬಿಸಿಲ್ಗುದುರೆ ಕಾಣುತ್ತದೆ, ದೂರದ ಜೀಬ್ರಾಗಳು ನೀರಿನ ಮೇಲೆ ನಡೆಯುತ್ತಿವೆ ಅನ್ನಿಸುತ್ತದೆ. ಇಷ್ಟು ಒಣ ನೆಲದ ನಡುವೆ ವರ್ಷವಿಡೀ ಹಸಿರಾಗಿರುವ ಜೌಗು ಹೇಗೆ ಬಂತು? ಕಿಲಿಮಂಜಾರೋ ಮೇಲೆ ಬಿದ್ದ ಮಳೆ, ಕರಗಿದ ಹಿಮ, ಎಲ್ಲ ಜ್ವಾಲಾಮುಖಿ ಕಲ್ಲಿನೊಳಗೆ ಇಳಿದು ನೆಲದಡಿಯಲ್ಲೇ ಹರಿದು ಇಲ್ಲಿ ಚಿಮ್ಮುತ್ತದೆ. ಎಲ್ಲಾ ಪ್ರಾಣಿಗಳ ಬದುಕೂ ಆ ನೀರಿನ ಸುತ್ತಲೇ.

ಎರಡು ರಾತ್ರಿ ಯಾಕೆ ಅಂದರೆ, ಬೆಟ್ಟ ಮತ್ತು ಆನೆ ಎರಡಕ್ಕೂ ಅವುಗಳದ್ದೇ ಟೈಮು ಇದೆ. ಕಿಲಿಮಂಜಾರೋ 5,895 ಮೀಟರ್. ಇರುವುದು ಟಾಂಜಾನಿಯಾದಲ್ಲಿ, ಆದರೆ ಈ ಕಡೆಯಿಂದ ಕಾಣುವುದೇ ಒಂದು ಚೆಂದ. ಸಾಮಾನ್ಯವಾಗಿ ಅದು ಮೋಡದಿಂದ ಹೊರಗೆ ಬರುವುದು ಬೆಳಗಿನ ಜಾವ, ಇಲ್ಲಾ ಸಂಜೆ. ಮೊದಲ ಸಂಜೆ ನಮಗೆ ಸಿಕ್ಕಿದ್ದು ಬೂದು ಪರದೆ. ಮರುದಿನ ಬೆಳಿಗ್ಗೆಯೂ ಅದೇ. ಒಂದೇ ರಾತ್ರಿಯವರು ಅಷ್ಟಕ್ಕೇ ಪೆಟ್ಟಿಗೆ ಕಟ್ಟಿ ಹೊರಟರು. ನಮ್ಮ ಡ್ರೈವರ್ 'ಪೋಲೆ ಪೋಲೆ' ಅಂದ, ಅಂದರೆ ನಿಧಾನ. ಲಾಡ್ಜಿನಲ್ಲಿ ರೂಮು ಖಾಲಿ ಇತ್ತು, ಉಳಿದೆವು. ಮೂರನೇ ದಿನ ಆರು ಗಂಟೆಗೆ ಗೇಟು ತೆರೆಯುವ ಹೊತ್ತಿಗೆ ತಲೆ ಎತ್ತಿ ನೋಡಿದರೆ, ನಾನು ಹುಡುಕುತ್ತಿದ್ದ ಜಾಗಕ್ಕಿಂತ ಎಷ್ಟೋ ಮೇಲೆ, ಆಕಾಶದಲ್ಲಿ ಹಿಮದ ಗೆರೆ ಇತ್ತು. ಒಂಬತ್ತಕ್ಕೆ ಮತ್ತೆ ಮಾಯ.

ಆನೆಗಳು ಬೆಳಿಗ್ಗೆ ಸುತ್ತಲಿನ ಕುರುಚಲು ಕಡೆಯಿಂದ ಸಾಲಾಗಿ ಜೌಗಿಗೆ ಬರುತ್ತವೆ, ಸಂಜೆ ಹೊತ್ತಿಗೆ ವಾಪಸ್ಸು. ಆ ಎರಡು ಹೊತ್ತಿನಲ್ಲಿ ರಸ್ತೆ ದಾಟುವ ಜಾಗದಲ್ಲಿ ಸುಮ್ನೆ ಎಂಜಿನ್ ಆರಿಸಿ ಕೂರಿ, ಓಡಾಡಬೇಡಿ. ಕಬಿನಿ ಹಿನ್ನೀರಲ್ಲಿ ಹಿಂಡು ನೋಡಿ ಅಭ್ಯಾಸ ಇರುವವರು ಇಲ್ಲಿ ಒಂದು ಕಡೆ ಮೋಸ ಹೋಗುತ್ತಾರೆ. ನಮ್ಮ ಜೊತೆಗಿದ್ದ ಸ್ನೇಹಿತ 'ಇಷ್ಟೊಂದು ಸಲಗ ಒಟ್ಟಿಗೆ ಇದಾವಲ್ಲ!' ಅಂದ. ಅಷ್ಟರಲ್ಲಿ ಅವುಗಳಲ್ಲೇ ಒಂದು 'ಸಲಗ'ದ ಮುಂಗಾಲಿನ ನಡುವೆ ತಲೆ ತೂರಿಸಿ ಮರಿಯೊಂದು ಹಾಲು ಕುಡಿಯತೊಡಗಿತು. ಇಲ್ಲಿ ಹೆಣ್ಣಾನೆಗೂ ದಂತ ಇದೆ, ಅಲ್ವಾ!

ಜೌಗಿನಲ್ಲಿ ಎದೆಮಟ್ಟ ನಿಂತು ಮೇಯ್ದ ಆನೆ ಹೊರಗೆ ಬಂದಾಗ ಕೆಳಗರ್ಧ ಒದ್ದೆ ಕಪ್ಪು, ಮೇಲರ್ಧ ಒಣ ಬೂದು. ಸುಣ್ಣ ಅರ್ಧಕ್ಕೇ ನಿಲ್ಲಿಸಿದ ಗೋಡೆ ಥರ. ಬೆನ್ನ ಮೇಲೆ ಒಂದು ಬೆಳ್ಳಕ್ಕಿ. ಒಂದು ಹೆಣ್ಣಾನೆ ನಮ್ಮ ಬಾನೆಟ್ಟಿನಿಂದ ನಾಲ್ಕು ಮಾರು ದೂರದಲ್ಲಿ ಹಾದುಹೋಯಿತು. ಹೆಜ್ಜೆ ಸಪ್ಪಳವೇ ಇಲ್ಲ, ಕೇಳಿದ್ದು ಚರ್ಮಕ್ಕೆ ಚರ್ಮ ಉಜ್ಜುವ ಸದ್ದು ಮಾತ್ರ. ಎಡಕಿವಿಯ ಅಂಚು ಹರಿದಿತ್ತು. ಆನೆ ಸಂಶೋಧಕಿ ಸಿಂಥಿಯಾ ಮಾಸ್ 1972ರಲ್ಲಿ ಇಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಒಂದೊಂದು ಆನೆಯನ್ನೂ ಇಂಥ ಹರಕು, ತೂತು ನೋಡಿಯೇ ಗುರುತು ಹಿಡಿಯುತ್ತಾರೆ. ಜೀಪು ಅಂದರೆ ಇವಕ್ಕೆ ಲೆಕ್ಕಕ್ಕೇ ಇಲ್ಲ.

ಸಿಂಹವೇ ಬೇಕು ಅಂತ ಹಟ ಇದ್ದರೆ ಮಾರಾಕ್ಕೇ ಹೋಗಿ. ಇಲ್ಲೂ ಇವೆ, ನಮಗೆ ಸಿಕ್ಕಿದ್ದು ಮಲಗಿದ್ದ ಒಂದರ ಬಾಲ. ಘೇಂಡಾಮೃಗದ ಆಸೆ ಬಿಡಿ. ವಿಲ್ಡಬೀಸ್ಟ್, ಜೀಬ್ರಾ, ನೀರಾನೆ, ಕಿರೀಟ ಕೊಕ್ಕರೆ ಬೇಕಾದಷ್ಟು. ಅಬ್ಸರ್ವೇಶನ್ ಹಿಲ್ ಮೇಲೆ ಮಾತ್ರ ಗಾಡಿಯಿಂದ ಇಳಿದು ನಡೆಯಬಹುದು. ಇಡೀ ಜೌಗಿನ ಆಕಾರ ಅಲ್ಲಿಂದ ಅರ್ಥವಾಗುತ್ತದೆ.

ಹೋಗಲು ಜೂನ್‌ನಿಂದ ಅಕ್ಟೋಬರ್ ಒಳ್ಳೆಯದು, ಜನವರಿ-ಫೆಬ್ರವರಿಯೂ ಪರವಾಗಿಲ್ಲ. ಮಾರ್ಚ್ ಕೊನೆಯಿಂದ ಮೇ ತನಕ ಜೋರು ಮಳೆ. ಧೂಳಿನ ಮಾತು ಮಾತ್ರ ತಮಾಷೆ ಅಲ್ಲ. ಬಯಲಲ್ಲಿ ಲೆನ್ಸ್ ಬದಲಿಸಿ ನನ್ನ ಕ್ಯಾಮೆರಾ ಕೆಟ್ಟಿತು. ಅದನ್ನು ಮುಚ್ಚಿಡಲು ಹಳೇ ದಿಂಬಿನ ಕವರು, ಎರಡು ಟವೆಲ್ ಇಟ್ಟುಕೊಳ್ಳಿ. ನೀರಿಗೆ ಸ್ಟೀಲ್ ಬಾಟಲಿ ಒಯ್ಯಿರಿ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ 2020ರಿಂದ ಪಾರ್ಕುಗಳ ಒಳಗೆ ನಿಷೇಧ ಇದೆ. ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು.

ಸಸ್ಯಾಹಾರಿಗಳು ಹೆದರಬೇಡಿ. ಚಪಾತಿಗೆ ಅಲ್ಲಿಯೂ ಚಪಾತಿ ಅಂತಲೇ ಹೆಸರು, ಜೊತೆಗೆ ಹುರುಳಿಕಾಯಿ ಬೀಜದ ಪಲ್ಯ ಸಿಗುತ್ತದೆ. ಉಗಾಲಿ ಅಂದರೆ ಮೆಕ್ಕೆಜೋಳದ ಬಿಳಿ ಮುದ್ದೆ. ಸೊಪ್ಪಿನ ಪಲ್ಯದ ಜೊತೆ ಚೆನ್ನಾಗೇ ಇಳಿಯಿತು. ರಾಗಿಮುದ್ದೆಯವರು ನುಂಗಲು ಹೋಗಬೇಡಿ, ಅದು ಗಟ್ಟಿ.

ಹೊರಡುವ ಮುಂಚೆ ಆನ್‌ಲೈನ್ ಪ್ರವೇಶ ಅನುಮತಿ, ಅಂದರೆ ಇಟಿಎ ಮಾಡಿಸಿ. ಹಳದಿ ಜ್ವರದ ಲಸಿಕೆ ಕನಿಷ್ಠ ಹತ್ತು ದಿನ ಮೊದಲೇ ಆಗಿರಬೇಕು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಹಾಗಾಗಿ ತಿಂಗಳ ಮೊದಲೇ ವಿಚಾರಿಸಿ. ಅರವತ್ತು ದಾಟಿದ ಅಪ್ಪ ಅಮ್ಮ ಜೊತೆಗಿದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡು ಹೋಗುವಾಗಕ್ಕಿಂತ ಬರುವಾಗ ಮುಖ್ಯ. ಕೀನ್ಯಾದಿಂದ ಭಾರತಕ್ಕೆ ಬಂದವರ ಹತ್ತಿರ ಅದು ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಮುಂಬೈಯಲ್ಲಿ ಇಳಿದಾಗ ನಮ್ಮ ಸ್ನೇಹಿತ ಅದನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿದ್ದ. ನೀವು ಪಾಸ್‌ಪೋರ್ಟಿನೊಳಗೇ ಇಡಿ.