ರಜೆಯಲ್ಲಿ ಅರಿವು ಕೇಂದ್ರದ ಕಡೆ

ಏಪ್ರಿಲ್ ಬಂತು ಅಂದರೆ ಸಮ್ಮರ್ ಕ್ಯಾಂಪ್ ಫೀಸಿನ ಮಾತೇ ಜಾಸ್ತಿ. ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ನಮಗೆ ನೆನಪೇ ಆಗುವುದಿಲ್ಲ, ಅಲ್ವಾ? 2020ರಲ್ಲಿ ಈ ಗ್ರಂಥಾಲಯಗಳಲ್ಲಿ ಮಕ್ಕಳ ಓದಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಈ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರು.

ಮಕ್ಕಳು ರಜೆಗೆ ಅಜ್ಜಿ ಮನೆಗೆ ಹೋಗಿದ್ದರೆ ಒಂದು ಸಲ ಆ ಊರಿನ ಅರಿವು ಕೇಂದ್ರಕ್ಕೂ ಹೋಗಿಬರಲಿ. ಪುಸ್ತಕ ಅವರೇ ಆರಿಸಿಕೊಳ್ಳಲಿ. ಬರೀ ಚಿತ್ರ ಇರುವುದನ್ನು ತಂದರೂ ಸರಿ. ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷೆ ಮಾಡುವುದು ಬೇಡ. ನನಗನ್ನಿಸುವುದು, ಮಕ್ಕಳಿಗೆ ಓದು ಬೇಜಾರಾಗುವುದೇ ಅಲ್ಲಿಂದ. ಕಥೆ ಹಿಡಿಸಿದರೆ ಹಪ್ಪಳ ಒಣಗಿಸುವಾಗಲೋ ಊಟಕ್ಕೆ ಕೂತಾಗಲೋ ತಾವಾಗಿಯೇ ಹೇಳುತ್ತಾರೆ. ಬಾಗಿಲು ತೆರೆಯುವ ಹೊತ್ತು ಮಾತ್ರ ಮೊದಲೇ ಕೇಳಿಕೊಳ್ಳಿ.