ಶೇ 68, ಶೇ 24, ಶೇ 8: ಖಂಡೂರಿ ಸಮಿತಿಯ ಲೆಕ್ಕ

ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ರಸ್ತೆ. ಬೆಳಗಾವಿಯಿಂದ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಮೇಲೆ ಬೆಂಗಳೂರಿಗೆ ಬರುವ ಹೆದ್ದಾರಿ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ ಜೋಡಿಸುವ 5,846 ಕಿ.ಮೀ. ಉದ್ದದ ಸುವರ್ಣ ಚತುಷ್ಪಥದ್ದೇ ಒಂದು ತುಂಡು. ವಾಜಪೇಯಿ ಸರ್ಕಾರದಲ್ಲಿ 2000ದ ಕೊನೆಯಿಂದ ಹೆದ್ದಾರಿ ಖಾತೆ ಖಂಡೂರಿಯವರ ಕೈಯಲ್ಲಿತ್ತು. 1954ರಿಂದ 1990ರವರೆಗೆ ಸೇನೆಯ ಎಂಜಿನಿಯರ್ಸ್ ಕೋರ್‌ನಲ್ಲಿದ್ದವರು. ನಮ್ಮ ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕೂಡ ಅದೇ ಕೋರ್‌ನವರು. ನಿವೃತ್ತರಾದ ಮರುವರ್ಷವೇ ಈಗಿನ ಉತ್ತರಾಖಂಡದ ಗಢವಾಲ್‌ನಿಂದ ಬಿಜೆಪಿ ಸಂಸದರಾಗಿ ಲೋಕಸಭೆಗೆ ಬಂದರು.

ಹೆದ್ದಾರಿ ಕೆಲಸ ನಿಲ್ಲುವುದು ಡಾಂಬರಿಗಲ್ಲ, ಜಾಗಕ್ಕೆ. 1956ರ ಹೆದ್ದಾರಿ ಕಾಯ್ದೆಯಲ್ಲಿ ಮೊದಲು ಜಾಗ ಬೇಕೆನ್ನುವ 3ಎ ಅಧಿಸೂಚನೆ, ಆಕ್ಷೇಪಣೆ ಕೇಳಿದ ಮೇಲೆ ಸ್ವಾಧೀನ ಘೋಷಿಸುವ 3ಡಿ. ಎರಡರ ನಡುವೆ ಒಂದು ವರ್ಷ ದಾಟಿದರೆ 3ಎ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. (ನ್ಯಾಯಾಲಯದ ತಡೆಯಾಜ್ಞೆಯ ಅವಧಿಗೆ ಮಾತ್ರ ವಿನಾಯಿತಿ.) ಹಣಕ್ಕೆ ದಾರಿಯಾದದ್ದು ಪೆಟ್ರೋಲ್, ಡೀಸೆಲ್ ಮೇಲಿನ ಲೀಟರಿಗೆ 1 ರೂಪಾಯಿ ಸೆಸ್.

ಇದೇ ಅವಧಿಯ ಕಪ್ಪು ಪುಟವನ್ನು ಹಾರಿಸಿ ಓದುವಂತಿಲ್ಲ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಸಚಿವಾಲಯಕ್ಕೂ ಪ್ರಾಧಿಕಾರಕ್ಕೂ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಹತ್ಯೆಯಾಯಿತು. ದರೋಡೆಗಾಗಿ ಕೊಂದರು ಎಂಬುದು ಸಿಬಿಐ ತನಿಖೆಯ ತೀರ್ಮಾನ. ಆದರೂ ಗುಟ್ಟು ಉಳಿಯಲಿಲ್ಲ ಎಂಬುದು ಬದಲಾಗುವುದಿಲ್ಲ.

ನನ್ನ ಲೆಕ್ಕದಲ್ಲಿ ಖಂಡೂರಿಯೊಳಗಿನ ಸೇನಾಧಿಕಾರಿ ಎದ್ದು ಕಾಣುವುದು ರಸ್ತೆಯಲ್ಲಲ್ಲ, ಅವರು ಅಧ್ಯಕ್ಷರಾಗಿದ್ದ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯಲ್ಲಿ. 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರು ಸದಸ್ಯರಾಗುವಂತಿಲ್ಲ. ಬಜೆಟ್ ಮಂಡನೆಯಾದ ಮೇಲೆ ರಕ್ಷಣಾ ಇಲಾಖೆಯ ಅನುದಾನ ಬೇಡಿಕೆ, ಅಂದರೆ ಅದು ಕೇಳುವ ಹಣದ ಪಟ್ಟಿ, ಇಲ್ಲಿಗೆ ಬರುತ್ತದೆ. ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ. ಶಿಫಾರಸಿಗೆ ಸರ್ಕಾರ 3 ತಿಂಗಳಲ್ಲಿ ಉತ್ತರಿಸಬೇಕು, ಒಪ್ಪಲೇಬೇಕೆಂದೇನಿಲ್ಲ. ಅಂದರೆ ಈ ಸಮಿತಿಗೆ ಹಲ್ಲಿಲ್ಲ, ಕಣ್ಣಿದೆ.

2018ರ ಮಾರ್ಚ್‌ನ ವರದಿಯಲ್ಲಿ ಸೇನೆಯ ಉಪಮುಖ್ಯಸ್ಥರ ಸಾಕ್ಷ್ಯವನ್ನು ಖಂಡೂರಿ ಸಮಿತಿ ಹಾಗೆಯೇ ದಾಖಲಿಸಿತು. ಸೇನೆಯ ಸಲಕರಣೆಗಳಲ್ಲಿ ಶೇ 68 ಹಳೆಯ ಕಾಲದವು, ಶೇ 24 ಸದ್ಯದವು, ಅತ್ಯಾಧುನಿಕ ಬರೀ ಶೇ 8. ಮೂರೂ ಬಗೆ ಸುಮಾರಾಗಿ ಮೂರನೇ ಒಂದರಷ್ಟು ಇರಬೇಕು ಎಂಬುದು ಸೇನೆಯದೇ ಮಾನದಂಡ. ಆಧುನೀಕರಣಕ್ಕೆ ಸಿಕ್ಕಿದ್ದು 21,338 ಕೋಟಿ ರೂಪಾಯಿ. ನಡೆಯುತ್ತಿದ್ದ 125 ಯೋಜನೆಗಳು ಮತ್ತು ತುರ್ತು ಖರೀದಿಯಂಥವುಗಳ ಬಾಕಿ ಕಂತಿಗೇ ಬೇಕಿದ್ದುದು 29,033 ಕೋಟಿ. ಸಂಬಳಕ್ಕಿಂತ ಇಎಂಐ ದೊಡ್ಡದಾದ ಮನೆಯ ಪಾಡು: ಹೊಸದು ಕೊಳ್ಳುವ ಮಾತಿರಲಿ, ಹಳೆಯ ಬಾಕಿಗೇ 7,695 ಕೋಟಿ ಕಡಿಮೆ.

ವರದಿ ಹೊರಬಂದಾಗ ಕೇಂದ್ರದಲ್ಲಿದ್ದದ್ದು ಅವರದೇ ಪಕ್ಷದ ಸರ್ಕಾರ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸಮಿತಿಯ ಪುನಾರಚನೆಯಾದಾಗ ಅಧ್ಯಕ್ಷ ಸ್ಥಾನ ಕಲ್ರಾಜ್ ಮಿಶ್ರಾ ಅವರಿಗೆ ಹೋಯಿತು. 2019ರಲ್ಲಿ ಖಂಡೂರಿ ಲೋಕಸಭೆಗೆ ಸ್ಪರ್ಧಿಸಲಿಲ್ಲ.