ತಪಸ್ಸುಕಾಲದಲ್ಲಿ ಚುಕ್ತಾ ಆಗಬೇಕಾದ ಲೆಕ್ಕ

ನಮ್ಮ ಮಲೆನಾಡಿಗೆ ತಪಸ್ಸುಕಾಲ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಕ್ರೈಸ್ತರ ಉಪವಾಸ-ಪ್ರಾರ್ಥನೆಯ ದಿನಗಳು, ಬರುವುದು ಲೆಕ್ಕಕ್ಕೆ ಕೂರುವ ಹೊತ್ತಿನಲ್ಲಿ. ಮೂಡಿಗೆರೆ, ಸಕಲೇಶಪುರದ ಕಡೆ ರೋಬಸ್ಟಾ ಕಾಫಿ ಕುಯ್ಲು ಮುಗಿಯುತ್ತ ಬಂದಿರುತ್ತದೆ. ಮುಂಗಡ ಎಷ್ಟು, ತೂಕ ಎಷ್ಟು, ಬಾಕಿ ಎಷ್ಟು ಎಂದು ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕ ತೆರೆಯುವ ದಿನಗಳವು. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು, ಹಳ್ಳದ ನೀರು ಯಾರಿಗೆ ಮೊದಲು ಎಂಬ ಮಾತೂ ಆಗಲೇ ಏಳುತ್ತದೆ. ಮುನಿಸಿಗೆ ಬೇಕಾದ್ದೆಲ್ಲ ಸಿದ್ಧವಿರುವಾಗಲೇ ವಿಭೂತಿ ಬುಧವಾರ ಬಂದು ಹಣೆಗೆ ಬೂದಿ ಹಚ್ಚುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರ ಕೈಯಲ್ಲಿ ಹಿಡಿದು ಜಯಘೋಷ ಮಾಡಿದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು.

ಆ ಬುಧವಾರದಿಂದ ಪಾಸ್ಖ ಹಬ್ಬದ ಹಿಂದಿನ ದಿನದವರೆಗೆ 46 ದಿನ, ಆರು ಭಾನುವಾರ ಕಳೆದರೆ 40. ಈ ದಿನಗಳಲ್ಲಿ ಮಾಂಸ ಬಿಡುವವರು ಬಹಳ. ಮಾಂಸ ಬಿಡುವುದು ಅಷ್ಟೇನೂ ಕಷ್ಟವಲ್ಲ. ಪಕ್ಕದ ತೋಟದವರ ಜೊತೆ ಬಿಟ್ಟ ಮಾತನ್ನು ಮತ್ತೆ ಹಿಡಿಯುವುದು ಕಷ್ಟ, ಮತ್ತು ತಪಸ್ಸುಕಾಲ ಕೇಳುವುದು ಮುಖ್ಯವಾಗಿ ಅದನ್ನೇ.

ಬಲಿಪೂಜೆಯ (ಕಥೋಲಿಕರ ಮುಖ್ಯ ಆರಾಧನೆಯ) ಆರಂಭದಲ್ಲಿ ಎದೆ ಬಡಿದುಕೊಂಡು ಹೇಳುವ ಪ್ರಾರ್ಥನೆಯನ್ನು ಗಮನಿಸಿ. ಅದರಲ್ಲಿ ನಾವು ತಪ್ಪೊಪ್ಪಿಕೊಳ್ಳುವುದು ಸರ್ವಶಕ್ತ ದೇವರಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತ ಸಹೋದರ ಸಹೋದರಿಯರಿಗೂ. ನಮಗಾಗಿ ಪ್ರಾರ್ಥಿಸಿ ಎಂದು ಅವರನ್ನೂ ಬೇಡುತ್ತೇವೆ. ‘ದೇವರ ಹತ್ತಿರ ನಾನು ಸರಿ ಮಾಡ್ಕೋತೀನಿ, ಅವನ ಹತ್ತಿರ ಯಾಕೆ ಹೋಗ್ಲಿ’ ಎನ್ನುವವರು ಈ ಸಾಲನ್ನು ಪ್ರತಿ ಭಾನುವಾರ ಹೇಳಿಯೂ ಕೇಳಿಸಿಕೊಂಡಿಲ್ಲ. ದಮಸ್ಕದಲ್ಲಿ ಕಣ್ಣು ಕಾಣದೆ ಕೂತಿದ್ದ ಸೌಲನಿಗೆ (ಮುಂದೆ ಸಂತ ಪೌಲನಾದವನಿಗೆ) ಕ್ಷಮೆ ತಲುಪಿದ್ದು ಅನನೀಯನೆಂಬ ಹೆದರಿದ ಶಿಷ್ಯನ ಬಾಯಿಂದ. ತನ್ನವರನ್ನು ಸೆರೆಗೆ ಎಳೆಯಲು ಬಂದವನ ತಲೆಯ ಮೇಲೆ ಕೈಯಿಟ್ಟು ಅವನು ಆಡಿದ ಮೊದಲ ಮಾತು ‘ಸಹೋದರನಾದ ಸೌಲನೇ’ ಎಂದು. ದೇವರು ನೇರವಾಗಿ ದರ್ಶನ ಕೊಟ್ಟವನಿಗೂ ಒಬ್ಬ ಮನುಷ್ಯನ ಕೈ ಬೇಕಾಯಿತು.

ಕ್ಷಮಿಸಲು ಆಗದವರಿಗೆ ನಮ್ಮಲ್ಲಿ ಹೇಳುವ ಸಮಾಧಾನ ‘ಸಣ್ಣ ವಿಷಯ, ಬಿಟ್ಟುಬಿಡಿ’. ಇದು ತಪ್ಪು, ಸುವಾರ್ತೆಯಲ್ಲಿ ಇಲ್ಲದ ಮಾತು. ಮತ್ತಾಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯನ್ನು, ಅರಸನಿಂದ ತನ್ನ ಸಾಲ ಮನ್ನಾ ಆದರೂ ಜೊತೆಗಾರನ ಸಾಲ ಬಿಡದ ಆಳಿನ ಕಥೆಯನ್ನು, ದಿನಗೂಲಿಯಲ್ಲಿ ಲೆಕ್ಕ ಹಾಕಿ ನೋಡಿ. ಒಂದು ದಿನಾರಿ ಎಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಜೊತೆಗಾರ ಕೊಡಬೇಕಾಗಿದ್ದದ್ದು ನೂರು ದಿನಾರಿ, ಅಂದರೆ ಮೂರು ತಿಂಗಳಿಗೂ ಮೀರಿದ ದುಡಿಮೆ. ತೋಟದ ಲೈನ್ ಮನೆಯಲ್ಲಿರುವ ಕಾರ್ಮಿಕರಿಗೆ ಇದು ಸಣ್ಣ ಮೊತ್ತವೇ? ಯೇಸು ನಮ್ಮ ನೋವನ್ನು ಸಣ್ಣದೆನ್ನಲಿಲ್ಲ. ಆದರೆ ಅದೇ ಆಳು ಅರಸನಿಗೆ ಕೊಡಬೇಕಾಗಿದ್ದದ್ದು ಹತ್ತು ಸಾವಿರ ತಲಾಂತು. ತಲಾಂತಿಗೆ ಆರು ಸಾವಿರ ದಿನಾರಿಯಂತೆ ಆರು ಕೋಟಿ ದಿನದ ಕೂಲಿ, ಅಂದರೆ ಜೊತೆಗಾರನ ಸಾಲದ ಆರು ಲಕ್ಷ ಪಟ್ಟು. ಅದು ಮನ್ನಾ ಆಗಿ ಹೊರಬಂದವನು ಅಂಗಳದಲ್ಲೇ ಜೊತೆಗಾರನ ಕುತ್ತಿಗೆ ಹಿಡಿದ.

ಹೋಗುವ ದಾರಿಯನ್ನೂ ಅದೇ ಅಧ್ಯಾಯ ತೋರಿಸುತ್ತದೆ. ಮೊದಲು ನೊಂದವನು ತಪ್ಪು ಮಾಡಿದವನೊಬ್ಬನೇ ಇರುವಾಗ ಹೋಗಿ ಮಾತಾಡಬೇಕು. ಅದು ಫಲಿಸದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಮೇಲಷ್ಟೇ ಸಭೆಯ ಮುಂದೆ. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ವಿಷಯ ಮೊದಲು ಸಂಘದ ಕೂಟದಲ್ಲಿ ಹರಡಿ, ಫಾದರ್ ಕಿವಿಗೆ ಬಿದ್ದು, ಕೊನೆಗೆ ಸಂಬಂಧಪಟ್ಟವನಿಗೆ ಮುಟ್ಟುತ್ತದೆ. ಅಷ್ಟರಲ್ಲಿ ಮೂಲ ತಪ್ಪಿಗಿಂತ ಮಾನದ ಪ್ರಶ್ನೆ ದೊಡ್ಡದಾಗಿರುತ್ತದೆ.

ತಪ್ಪು ಮಾಡಿದವರು ಕ್ಷಮೆ ಕೇಳಲು ಹೋಗುವಾಗ ತಪ್ಪನ್ನು ಹೆಸರಿಟ್ಟು ಹೇಳಬೇಕು: ‘ನಿಮ್ಮ ತೂಕದಲ್ಲಿ ಕಡಿಮೆ ಬರೆದೆ’, ‘ನಿಮ್ಮ ಮಗಳ ಬಗ್ಗೆ ಇಲ್ಲದ್ದು ಹೇಳಿದೆ’. ಹೇಳಿದ ಮೇಲೆ ‘ಆದರೆ’ ಸೇರಿಸಬಾರದು, ಸೇರಿಸಿದರೆ ಅದು ವಾದವಾಗುತ್ತದೆ. ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ’ ಎಂದು ನೂರು ಜನಕ್ಕೆ ಒಟ್ಟಿಗೆ ಕಳಿಸುವ ವಾಟ್ಸಾಪ್ ಸಂದೇಶ ಯಾರ ಗಾಯಕ್ಕೂ ತಾಗುವುದಿಲ್ಲ. ಶುಭ ಶುಕ್ರವಾರದ ಹಿಂದಿನ ರಾತ್ರಿವರೆಗೆ ಕಾಯುವುದೂ ಬೇಡ, ಆ ಗಡಿಬಿಡಿಯಲ್ಲಿ ಎದುರಿನವರಿಗೆ ಅಳಲು ಸಮಯವಿರುವುದಿಲ್ಲ. ದುಡ್ಡಿನ ವಿಷಯವಾದರೆ ಮಾತು ಸಾಲದು. ಪಾಪನಿವೇದನೆ ಮಾಡಿದ ಮೇಲೂ ಕದ್ದದ್ದನ್ನು ಹಿಂತಿರುಗಿಸುವ ಹೊಣೆ ಉಳಿಯುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಕಂತು ಬರೆದುಕೊಡಬೇಕು. ಸುವಾರ್ತೆಯ ಸುಂಕದವನು ಜಕ್ಕಾಯ ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ, ನಾವು ಅಸಲನ್ನಾದರೂ ಕೊಡೋಣ.

ಕ್ಷಮಿಸುವವರಿಗೂ ಒಂದು ಮಾತು. ‘ಅಯ್ಯೋ ಪರವಾಗಿಲ್ಲ, ಏನಾಗಿಲ್ಲ ಬಿಡಿ’ ಎಂದರೆ ಬಂದವರು ಭಾರ ಹೊತ್ತೇ ಮರಳುತ್ತಾರೆ. ‘ನೋವಾಗಿತ್ತು. ಕ್ಷಮಿಸಿದ್ದೇನೆ’ ಎನ್ನಿ. ಈ ಎರಡು ವಾಕ್ಯ ಹೇಳಲು ಇನ್ನೂ ಆಗದಿದ್ದರೆ ‘ಸ್ವಲ್ಪ ದಿನ ಕೊಡಿ’ ಎನ್ನುವುದೂ ಪ್ರಾಮಾಣಿಕವೇ. ಹೊಡೆಯುವ ಗಂಡನ ಮನೆಗೆ ಹೆಣ್ಣನ್ನು ಕ್ಷಮೆಯ ಹೆಸರಲ್ಲಿ ಮರಳಿ ತಳ್ಳುವುದು, ಮಕ್ಕಳಿಗೆ ಆದ ಅನ್ಯಾಯವನ್ನು ಸಭೆಯ ಮರ್ಯಾದೆಗಾಗಿ ಮುಚ್ಚುವುದು, ಇವು ಕ್ಷಮೆಯಲ್ಲ. ಅಲ್ಲಿ ಮೊದಲು ರಕ್ಷಣೆ, ಪೊಲೀಸ್, ಕಾನೂನು.

ಕಥೋಲಿಕ ಬಲಿಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಹಾರೈಸುವ ಶಾಂತಿ ವಿನಿಮಯ ಬರುವುದು ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಆದ ಮೇಲೆ, ಪರಮಪ್ರಸಾದಕ್ಕೆ ಮುಂಚೆ. ನಾವು ಕೈಮುಗಿದು ಕೊಡುತ್ತೇವೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರಾಟೆಸ್ಟಂಟ್ ಸಭೆಯ ಆರಾಧನಾ ಕ್ರಮದಲ್ಲಿ ಅದು ಕಾಣಿಕೆಗೂ ಮೊದಲೇ ಬರುತ್ತದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಹೋಗಿ ಮೊದಲು ಸಹೋದರನೊಡನೆ ಒಂದಾಗು ಎಂಬ ಮತ್ತಾಯ 5ರ ಮಾತಿಗೆ ಸರಿಹೊಂದುವ ಜಾಗ. 1947ರಲ್ಲಿ ಹುಟ್ಟಿದ ಈ ಸಭೆ ಪೀಠದಿಂದ ಹೊರಟ ಶಾಂತಿಯನ್ನು ಕೈಯಿಂದ ಕೈಗೆ, ಒಬ್ಬರ ಅಂಗೈಯನ್ನು ಇನ್ನೊಬ್ಬರ ಎರಡು ಅಂಗೈಗಳ ನಡುವೆ ಹಿಡಿದು, ಕೊನೆಯ ಸಾಲಿನವರೆಗೆ ದಾಟಿಸುವ ಪದ್ಧತಿಯನ್ನು ತನ್ನ ಆರಾಧನೆಯಲ್ಲಿ ಮತ್ತೆ ಜೀವಂತಗೊಳಿಸಿತು. ಎರಡೂ ಕಡೆ ಕೆಡುವುದು ಒಂದೇ ರೀತಿ: ಮನೆಯವರಿಗೆ, ಸ್ನೇಹಿತರಿಗೆ ಶಾಂತಿ ಕೊಟ್ಟು, ನಿಜಕ್ಕೂ ಶಾಂತಿ ಕೊಡಬೇಕಾದವರತ್ತ ಬೆನ್ನು ತಿರುಗಿಸುವುದು. ಮಾತು ಬಿಟ್ಟವರ ಪಕ್ಕದ ಬೆಂಚಿನಲ್ಲಿ ಬೇಕೆಂದೇ ಹೋಗಿ ಕೂರುವುದು ಒಳ್ಳೆಯ ತಪಸ್ಸು.

ಹಾಸನದ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಮಾಲೆ ಮಾತೆಯ ದೇವಾಲಯದ ಗೋಡೆಗಳು ಹೇಮಾವತಿ ಹಿನ್ನೀರಿನಲ್ಲಿ ನಿಂತಿವೆ. ನೀರು ಇಳಿದಾಗ ಒಳಗೆ ನಡೆದು ಹೋಗಬಹುದು, ಚಾವಣಿಯಿಲ್ಲದ ಕಮಾನಿನ ಕೆಳಗೆ ಒಬ್ಬರೇ ನಿಂತು ಪ್ರಾರ್ಥಿಸಬಹುದು. ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಅಲ್ಲಿ ‘ಶಾಂತಿ ನಿಮ್ಮೊಡನೆ ಇರಲಿ’ ಎಂದರೆ ಉತ್ತರ ಕೊಡಲು ಯಾರೂ ಇಲ್ಲ.

ಪವಿತ್ರ ಗುರುವಾರ ಪಾದ ತೊಳೆಸಿಕೊಳ್ಳಲು ಹನ್ನೆರಡು ಮಂದಿಯನ್ನು ಆರಿಸುವಾಗ ಸಮಿತಿಯವರ ಹೆಸರುಗಳೇ ಮುಂದೆ ಬರುತ್ತವೆ. 2016ರಿಂದ ಹೆಂಗಸರನ್ನೂ ಆರಿಸಬಹುದು. ಒಡಕು ಕಾಲು ತೋರಿಸಲು ನಾಚಿ ಒಲ್ಲೆ ಎನ್ನುವ ಕಾರ್ಮಿಕ ತಾಯಂದಿರನ್ನೇ ಒತ್ತಾಯಿಸಿ ಕೂರಿಸಿ. ಯೇಸು ಶಿಷ್ಯರ ಪಾದ ತೊಳೆಯಲು ಬಂದಾಗ ಪೇತ್ರನೂ ಮೊದಲು ಒಲ್ಲೆನೆಂದಿದ್ದ, ಪಡೆಯುವುದು ಅವನಿಗೂ ಕಷ್ಟವಾಗಿತ್ತು.

ಪಾಸ್ಖ ಹಬ್ಬದ ಹಿಂದಿನ ಶನಿವಾರ ರಾತ್ರಿ ದೇವಾಲಯದ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಖ ಮೇಣದಬತ್ತಿಯನ್ನು ಹಚ್ಚಿ ಒಳತರುತ್ತಾರೆ. ಅಲ್ಲಿಂದ ಬೆಳಕು ಪಕ್ಕದವರಿಂದ ಪಕ್ಕದವರಿಗೆ ಬರುತ್ತದೆ. ಪಡೆಯುವವರು ತಮ್ಮ ಹಚ್ಚದ ಬತ್ತಿಯನ್ನು ಬಾಗಿಸಬೇಕು, ಕೊಡುವವರು ನೆಟ್ಟಗೆ ಹಿಡಿದಿರಬೇಕು. ಉರಿಯುವುದನ್ನು ಬಾಗಿಸಿದರೆ ಬಿಸಿ ಮೇಣ ಪಕ್ಕದವರ ಕೈಮೇಲೆ ಸುರಿಯುತ್ತದೆ.